ಪಶ್ಚಾತ್ತಾಪದ ಕಡತಕ್ಕೆ ಮುಕ್ತಾಯವಿಲ್ಲ

1986ರ ಮಾತು. ಉತ್ತರ ಕರ್ನಾಟಕದ ಒಂದು ಉಪವಿಭಾಗದಲ್ಲಿ ನಾನು ಹೊಸದಾಗಿ ಅಧಿಕಾರ ವಹಿಸಿಕೊಂಡಿದ್ದೆ. ಪರವಾನಗಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸುತ್ತಿದ್ದ ವ್ಯಕ್ತಿಯೊಬ್ಬನ ಮೇಲೆ ರೈತರು ಕೊಟ್ಟ ದೂರನ್ನು ವಿಚಾರಿಸಿ ಜಿಲ್ಲಾಧಿಕಾರಿಗಳಿಗೆ ವರದಿ ಸಲ್ಲಿಸಬೇಕಿತ್ತು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನೆಂಬ ಸಣ್ಣ ಹಮ್ಮು ಬೇರೆ ಇತ್ತು. ವರದಿಯ ಕೊನೆಯಲ್ಲಿ ಆತನನ್ನು ‘ಈ ತಾಲ್ಲೂಕಿನ ಶೈಲಾಕ್’ ಎಂದು ಬಣ್ಣಿಸಿದೆ. ಎರಡು ದಿನಗಳ ನಂತರ ಕಡತ ಹಿಂದಿರುಗಿತು. ಆ ಪದದ ಸುತ್ತ ಕೆಂಪು ಶಾಯಿಯ ವೃತ್ತವಿತ್ತು. ಮುಂದಿನ ಸಭೆಯಲ್ಲಿ ಜಿಲ್ಲಾಧಿಕಾರಿಗಳು ಶಾಂತವಾಗಿಯೇ ಕೇಳಿದರು: ‘ನೀವು ಯಹೂದಿಯೊಬ್ಬರನ್ನು ಎಂದಾದರೂ ನೋಡಿದ್ದೀರೇನ್ರೀ?’ ಇಲ್ಲವೆಂದೆ. ‘ಆತ ಕಾಯ್ದೆ ಮೀರಿದ್ದಾನೆ. ಯಾವ ಕಲಂ ಎಂದು ಬರೆಯಿರಿ, ಸಾಕು. ಆತನನ್ನು ಬಯ್ಯಲು ಇನ್ನೊಂದು ಜನಾಂಗ ಏಕೆ ಬೇಕು?’ ಎಂದವರು, ಸ್ವಲ್ಪ ತಡೆದು, ‘ನೀವು ಕಥೋಲಿಕರಲ್ಲವೇ? ನಿಮಗೆ ಇದು ಗೊತ್ತಿರಬೇಕಿತ್ತು’ ಎಂದರು.

ಆಗ ನನಗೆ ಅವಮಾನವೇ ಹೆಚ್ಚಾಯಿತು, ಅರಿವಲ್ಲ. ಶೇಕ್ಸ್‌ಪಿಯರನ ನಾಟಕವನ್ನು ಪಠ್ಯವಾಗಿ ಓದಿದ ಯಾರಾದರೂ ಬಳಸಬಹುದಾದ ಪದ ಅದು. ಅದಕ್ಕೂ ನನ್ನ ಮತಧರ್ಮಕ್ಕೂ ಏನು ಸಂಬಂಧ ಎಂದುಕೊಂಡೆ. ಸಂಬಂಧವಿತ್ತು ಎಂಬುದನ್ನು ತಿಳಿಯಲು ಹಲವು ವರ್ಷಗಳ ಓದು ಬೇಕಾಯಿತು. ಯಹೂದಿಗಳನ್ನು ಕಂಡೇ ಇರದ ಒಂದು ತಾಲ್ಲೂಕಿನ ಕಡತಕ್ಕೆ ಯಹೂದಿಯ ಕುರಿತ ತಿರಸ್ಕಾರ ಬಂದು ಸೇರಿದ ಹಾದಿಯನ್ನು ಹಿಂದಕ್ಕೆ ಹುಡುಕುತ್ತಾ ಹೋದರೆ, ಅದು ನನ್ನದೇ ಧರ್ಮಸಭೆಯ ಹೊಸ್ತಿಲಿಗೆ ತಲುಪುತ್ತದೆ. ಕಥೋಲಿಕರಾದ ನಾವು ಈ ಪರಂಪರೆಯನ್ನು ಹೇಗೆ ಎದುರಿಸಬೇಕು ಎಂಬ ಪ್ರಶ್ನೆ ಆದ್ದರಿಂದ ಯುರೋಪಿನವರಿಗೆ ಮಾತ್ರ ಸೇರಿದ್ದಲ್ಲ.

ಬಡ್ಡಿಯ ಲೆಕ್ಕ

ಮೊದಲಿಗೆ ಅರ್ಥಶಾಸ್ತ್ರದ ಮಾತನ್ನೇ ನೋಡೋಣ. ಮಧ್ಯಯುಗದ ಧರ್ಮಸಭೆ ಬಡ್ಡಿಯನ್ನು ಪಾಪವೆಂದು ಸಾರಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವ ಕ್ರೈಸ್ತರಿಗೆ ಧರ್ಮವಿಧಿಯಂತೆ ಶವಸಂಸ್ಕಾರವನ್ನೂ ನಿರಾಕರಿಸಿತು. ಆದರೆ ವ್ಯಾಪಾರ ಬೆಳೆಯುತ್ತಿದ್ದ, ಯುದ್ಧಗಳು ನಡೆಯುತ್ತಿದ್ದ, ಮಹಾದೇವಾಲಯಗಳು ಏಳುತ್ತಿದ್ದ ಕಾಲದಲ್ಲಿ ಸಾಲಕ್ಕೆ ಬೇಡಿಕೆ ನಿಲ್ಲುವುದೆಂತು? ಯುರೋಪಿನ ಬಹುಭಾಗದಲ್ಲಿ ಯಹೂದಿಗಳಿಗೆ ಜಮೀನಿನ ಒಡೆತನ ದುರ್ಲಭವಾಗಿತ್ತು. ಕುಶಲಕರ್ಮಿಗಳ ಸಂಘಗಳು ಅವರಿಗೆ ಬಾಗಿಲು ಮುಚ್ಚಿದ್ದವು. ಉಳಿದ ಕೆಲವೇ ಉದ್ಯೋಗಗಳಲ್ಲಿ ಲೇವಾದೇವಿ ಒಂದು. ರಾಜರಿಗೆ ಇದು ಅನುಕೂಲವೇ ಆಯಿತು. ಯಹೂದಿ ಪ್ರಜೆಗಳಿಂದ ಸ್ವರದಲ್ಲಿ ತೆರಿಗೆ ಹಿಂಡಿದರೆ ಅವರು ಸಾಲಗಾರರಿಂದ ವಸೂಲು ಮಾಡುತ್ತಿದ್ದರು; ಜನರ ಕೋಪವೆಲ್ಲ ವಸೂಲಿಗೆ ಬಂದವನ ಮೇಲೆ, ಅರಮನೆಯ ಮೇಲಲ್ಲ. ಕಂದಾಯ ಇಲಾಖೆಯಲ್ಲಿ ದುಡಿದವರಿಗೆ ಈ ವ್ಯವಸ್ಥೆಯ ಮರ್ಮ ಬೇಗ ಅರ್ಥವಾಗುತ್ತದೆ.

1190ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. ದೊಂಬಿಗೆ ಹೆದರಿ ಕೋಟೆಯ ಗೋಪುರದಲ್ಲಿ ಆಶ್ರಯ ಪಡೆದ ಸುಮಾರು 150 ಮಂದಿ ಯಹೂದಿಗಳು ಅಲ್ಲಿಯೇ ಮಡಿದರು. ಹಲವರು ಜನರ ಕೈಗೆ ಸಿಕ್ಕುವುದಕ್ಕಿಂತ ತಾವೇ ಪ್ರಾಣ ಬಿಡುವುದನ್ನು ಆರಿಸಿಕೊಂಡರು. ಆನಂತರ ದೊಂಬಿಯ ಮುಂದಾಳುಗಳು ನೇರವಾಗಿ ಹೋದದ್ದು ಎಲ್ಲಿಗೆ? ಅಲ್ಲಿನ ಮಹಾದೇವಾಲಯಕ್ಕೆ. ಅಲ್ಲಿ ಇರಿಸಲಾಗಿದ್ದ ಸಾಲಪತ್ರಗಳನ್ನು ತೆಗೆದು ಸುಟ್ಟುಹಾಕಿದರು. ಮುಂದಾಳುಗಳಲ್ಲಿ ಸಾಲದಲ್ಲಿ ಮುಳುಗಿದ್ದ ಶ್ರೀಮಂತರಿದ್ದರು. ಧರ್ಮದ ಹೆಸರಿನಲ್ಲಿ ಆರಂಭವಾದ ಕಾರ್ಯ ಸಾಲಮನ್ನಾದಲ್ಲಿ ಮುಗಿಯಿತು. ಇಂತಹ ಪತ್ರಗಳಿಗೆ ಜೋಡಿ ಪ್ರತಿ ಇಡುವ ವ್ಯವಸ್ಥೆಯನ್ನು ಇಂಗ್ಲೆಂಡಿನ ದೊರೆ ನಂತರ ಜಾರಿಗೆ ತಂದ. ಪ್ರಾಣ ಉಳಿಸುವ ವ್ಯವಸ್ಥೆಗಿಂತ ಪತ್ರ ಉಳಿಸುವ ವ್ಯವಸ್ಥೆ ಬೇಗ ಬಂದಿತು ಎಂಬುದನ್ನು ಗಮನಿಸಬೇಕು.

ನೂರು ವರ್ಷಗಳ ಬಳಿಕ, 1290ರಲ್ಲಿ, ಒಂದನೆಯ ಎಡ್ವರ್ಡ್ ಯಹೂದಿಗಳೆಲ್ಲರನ್ನೂ ಇಂಗ್ಲೆಂಡಿನಿಂದ ಹೊರದೂಡಿದ. ಅವರಿಗೆ ಮತ್ತೆ ನೆಲೆ ದೊರೆತದ್ದು 1656ರ ಸುಮಾರಿಗೆ. ಶೇಕ್ಸ್‌ಪಿಯರ್ ಶೈಲಾಕನನ್ನು ಸೃಷ್ಟಿಸಿದ್ದು 1596-98ರ ನಡುವೆ. ಎಂದರೆ ಆ ನಾಟಕ ನೋಡಿದ ಲಂಡನ್ನಿನ ಪ್ರೇಕ್ಷಕರು ತಮ್ಮ ಬೀದಿಯಲ್ಲಿ ಬಹಿರಂಗವಾಗಿ ತನ್ನ ಧರ್ಮವನ್ನು ಆಚರಿಸುವ ಯಹೂದಿಯನ್ನು ಕಂಡಿರುವ ಸಂಭವವೇ ಇರಲಿಲ್ಲ. ನನ್ನ ಸ್ಥಿತಿಯೂ ಅದೇ. ದ್ವೇಷ ಬದುಕಲು ದ್ವೇಷಕ್ಕೆ ಗುರಿಯಾದವರು ಎದುರಿಗೆ ಇರಬೇಕೆಂದಿಲ್ಲ.

ರಕ್ಷಣೆ ಮತ್ತು ತಿರಸ್ಕಾರ

ಧರ್ಮಸಭೆಯ ವಿಷಯದಲ್ಲಿ ಅತಿಸರಳ ತೀರ್ಪು ಸರಿಯಲ್ಲ. ಮೊದಲನೆಯ ಕ್ರೂಸೇಡ್‌ನ ಗುಂಪುಗಳು 1096ರಲ್ಲಿ ರೈನ್ ನದಿಯ ದಂಡೆಯ ವರ್ಮ್ಸ್, ಮೈನ್ಸ್ ನಗರಗಳಲ್ಲಿ ಯಹೂದಿಗಳನ್ನು ಕೊಂದಾಗ ಸ್ಪೈಯರ್‌ನ ಬಿಷಪ್ ಬಹುಪಾಲು ಯಹೂದಿಗಳನ್ನು ಕಾಪಾಡಿದ. ಕ್ರೈಸ್ತ ಮಕ್ಕಳ ರಕ್ತವನ್ನು ಯಹೂದಿಗಳು ಬಳಸುತ್ತಾರೆಂಬ ಸುಳ್ಳು ಹರಡಿದಾಗ ಪೋಪ್ ನಾಲ್ಕನೆಯ ಇನ್ನೋಸೆಂಟ್ 1247ರಲ್ಲಿ ಅದನ್ನು ಖಂಡಿಸಿದರು. 1348ರ ಮಹಾಮಾರಿಯ ಕಾಲದಲ್ಲಿ ಬಾವಿಗೆ ವಿಷ ಹಾಕಿದವರು ಯಹೂದಿಗಳೆಂಬ ವದಂತಿ ಹಬ್ಬಿದಾಗ ಪೋಪ್ ಆರನೆಯ ಕ್ಲೆಮೆಂಟ್, ಯಹೂದಿಗಳೂ ಅದೇ ರೋಗದಿಂದ ಸಾಯುತ್ತಿದ್ದಾರೆಂದು ತೋರಿಸಿ ಆಪಾದನೆಯನ್ನು ತಳ್ಳಿಹಾಕಿದರು.

ಆದರೆ ಇದೇ ಧರ್ಮಸಭೆ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ ಯಹೂದಿಗಳು ಬೇರೆಯಾಗಿ ಗುರುತು ಸಿಗುವ ಉಡುಪು ಧರಿಸಬೇಕೆಂದು ವಿಧಿಸಿತು. 1555ರಲ್ಲಿ ಪೋಪ್ ನಾಲ್ಕನೆಯ ಪೌಲ್ ರೋಮಿನ ಯಹೂದಿಗಳನ್ನು ಟೈಬರ್ ನದಿಯ ಪಕ್ಕದ, ಪ್ರವಾಹಕ್ಕೆ ತುತ್ತಾಗುವ ತಗ್ಗು ಪ್ರದೇಶದ ಗೋಡೆಯೊಳಗೆ ಕೂಡಿದರು. ಆ ವ್ಯವಸ್ಥೆ ಸಂಪೂರ್ಣವಾಗಿ ಅಳಿದದ್ದು 1870ರಲ್ಲಿ, ಪೋಪ್ ಅವರ ರಾಜ್ಯಾಧಿಕಾರವೇ ಅಳಿದ ಮೇಲೆ. 1858ರಲ್ಲಿ ಬೊಲೋನ್ಯಾ ನಗರದ ಆರು ವರ್ಷದ ಯಹೂದಿ ಬಾಲಕ ಎಡ್ಗಾರ್ಡೊ ಮೊರ್ತಾರಾನನ್ನು, ಮನೆಗೆಲಸದವಳು ಗುಟ್ಟಾಗಿ ಜ್ಞಾನಸ್ನಾನ ಮಾಡಿಸಿದ್ದಳೆಂಬ ಕಾರಣಕ್ಕೆ, ತಂದೆತಾಯಿಯಿಂದ ಕಿತ್ತುಕೊಳ್ಳಲಾಯಿತು. ಯುರೋಪಿನಾದ್ಯಂತ ಪ್ರತಿಭಟನೆ ಎದ್ದರೂ ಪೋಪ್ ಒಂಬತ್ತನೆಯ ಪಯಸ್ ಮಗುವನ್ನು ಹಿಂದಿರುಗಿಸಲಿಲ್ಲ.

ಕೊಲ್ಲಬೇಡಿ, ಆದರೆ ತಲೆಯೆತ್ತಲು ಬಿಡಬೇಡಿ ಎಂಬುದೇ ಈ ನೀತಿಯ ಸಾರ. ಅವಮಾನವನ್ನು ಕಾನೂನಾಗಿ ಮಾಡಿದವರು ಹಿಂಸೆಯನ್ನು ಮಾತ್ರ ಬೇಡವೆಂದರೆ ಜನ ಕೇಳುವರೇ? ಯೇಸುಸ್ವಾಮಿಯ ಮರಣಕ್ಕೆ ಇಡೀ ಯಹೂದಿ ಜನಾಂಗವೇ ಹೊಣೆ ಎಂಬ ಬೋಧನೆ ಈ ಕಟ್ಟಡದ ತಳಪಾಯವಾಗಿತ್ತು. ವಿಪರ್ಯಾಸವೆಂದರೆ, 1566ರಲ್ಲಿ ರೋಮ್ ತಾನೇ ಪ್ರಕಟಿಸಿದ ಧರ್ಮೋಪದೇಶ ಗ್ರಂಥ ಆ ಮರಣದ ಹೊಣೆಯನ್ನು ಪಾಪಿಗಳಾದ ಮನುಷ್ಯರೆಲ್ಲರ ಮೇಲೆ, ಅದರಲ್ಲೂ ಅರಿತೂ ಪಾಪ ಮಾಡುವ ಕ್ರೈಸ್ತರ ಮೇಲೆ ಹೆಚ್ಚಾಗಿ ಹೊರಿಸಿತ್ತು. ಸರಿಯಾದ ಬೋಧನೆ ಪುಸ್ತಕದಲ್ಲಿತ್ತು. ತಪ್ಪು ಬೋಧನೆ ಪೀಠದಲ್ಲಿ, ಚಿತ್ರದಲ್ಲಿ, ನಾಟಕದಲ್ಲಿ, ಬೀದಿಯಲ್ಲಿತ್ತು. ಸರ್ಕಾರಿ ಸುತ್ತೋಲೆಗಳ ಹಣೆಬರಹ ಬಲ್ಲವರಿಗೆ ಇದು ಆಶ್ಚರ್ಯವಲ್ಲ.

‘ಇದು ಯುರೋಪಿನ ಪಾಪ, ನಮಗೇನು?’ ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರಿಗೆ ನಾನು ಗೋವೆಯನ್ನು ನೆನಪಿಸುತ್ತೇನೆ. ಅಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯದ ಮೊದಲ ಗುರಿ ಪೋರ್ಚುಗಲ್‌ನಲ್ಲಿ ಬಲವಂತದಿಂದ ಮತಾಂತರಗೊಂಡು ಇಲ್ಲಿಗೆ ಬಂದಿದ್ದ ಯಹೂದಿ ಮೂಲದವರು. ಭಾರತದ ಔಷಧಿ ಸಸ್ಯಗಳ ಕುರಿತು 1563ರಲ್ಲಿ ಗೋವೆಯಲ್ಲೇ ಮಹತ್ವದ ಗ್ರಂಥ ಮುದ್ರಿಸಿದ ವೈದ್ಯ ಗಾರ್ಸಿಯಾ ದ ಓರ್ಟಾ ಅಂತಹ ಮನೆತನದವರು. 1568ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಸೋದರಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಆಚರಿಸಿದಳೆಂದು ಸುಡಲಾಯಿತು. 1580ರಲ್ಲಿ ಓರ್ಟಾ ಅವರ ಮೂಳೆಗಳನ್ನೇ ಗೋರಿಯಿಂದ ಅಗೆದು ಸುಟ್ಟರು. ಕ್ರಮೇಣ ಅದೇ ನ್ಯಾಯಾಲಯ ಹಿಂದೂ ಆಚರಣೆ ಬಿಡದ ಸ್ಥಳೀಯ ಕ್ರೈಸ್ತರತ್ತ ತಿರುಗಿತು. ಗೋವೆಯಿಂದ ಕೆನರಾ ಸೀಮೆಗೆ ಕೊಂಕಣಿ ಕಥೋಲಿಕರ ಪೂರ್ವಜರು ವಲಸೆ ಬಂದುದಕ್ಕೆ ಬರಗಾಲ, ಯುದ್ಧ, ತೆರಿಗೆಗಳ ಜೊತೆಗೆ ಈ ಭಯವೂ ಒಂದು ಕಾರಣ. ಯಹೂದಿಗಾಗಿ ಹಚ್ಚಿದ ಬೆಂಕಿ ಯಹೂದಿಯಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಮನೆತನಗಳ ಇತಿಹಾಸವೇ ಹೇಳುತ್ತದೆ. ಇದಕ್ಕೆ ಪ್ರತಿಯಾಗಿ, ಪೋರ್ಚುಗೀಸರ ಕಿರುಕುಳದ ಆ ದಿನಗಳಲ್ಲೇ ಕೊಚ್ಚಿಯ ಹಿಂದೂ ಅರಸರು ತಮ್ಮ ಅರಮನೆಯ ಪಕ್ಕದಲ್ಲೇ ಯಹೂದಿಗಳಿಗೆ ಜಾಗ ಕೊಟ್ಟರು. 1568ರಲ್ಲಿ ಅಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ಇಂದಿಗೂ ಇದೆ.

ಮೌನದ ಪ್ರಶ್ನೆ

ನಾಜಿಗಳ ಜನಾಂಗವಾದ ಕ್ರೈಸ್ತ ಬೋಧನೆಯ ನೇರ ಸಂತಾನವಲ್ಲ. ಜ್ಞಾನಸ್ನಾನ ಪಡೆದ ಯಹೂದಿಯನ್ನೂ ಅದು ಬಿಡಲಿಲ್ಲ. ಯಹೂದಿ ಮನೆತನದಲ್ಲಿ ಹುಟ್ಟಿ ಕಥೋಲಿಕ ಸನ್ಯಾಸಿನಿಯಾಗಿದ್ದ ಎಡಿತ್ ಸ್ಟೈನ್ 1942ರ ಆಗಸ್ಟ್‌ನಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಲೆಯಾದದ್ದು ಇದಕ್ಕೆ ನಿದರ್ಶನ. ಹಾಗೆಂದು ನಾವು ಕೈತೊಳೆದುಕೊಳ್ಳಲಾಗದು. ಬಿತ್ತಿದವರು ಬೇರೆ ಇರಬಹುದು. ನೆಲವನ್ನು ಶತಮಾನಗಳ ಕಾಲ ಹದ ಮಾಡಿದವರಲ್ಲಿ ನಮ್ಮವರೂ ಇದ್ದರು.

1943ರ ಅಕ್ಟೋಬರ್ 16ರಂದು ಜರ್ಮನ್ ಪಡೆಗಳು ರೋಮಿನಲ್ಲಿ 1,200ಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದವು. ವ್ಯಾಟಿಕನ್‌ಗೆ ಅನತಿ ದೂರದ ಸೈನಿಕ ಶಾಲೆಯಲ್ಲಿ ಎರಡು ದಿನ ಇಟ್ಟು, ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಶ್‌ವಿಟ್ಜ್‌ಗೆ ಸಾಗಿಸಿದವು. ಹಿಂದಿರುಗಿದವರು 16 ಮಂದಿ. ಪೋಪ್ ಹನ್ನೆರಡನೆಯ ಪಯಸ್ ಬಹಿರಂಗವಾಗಿ ಪ್ರತಿಭಟಿಸಲಿಲ್ಲ. ಅದೇ ವೇಳೆ ರೋಮಿನ ಮಠಗಳು, ಕನ್ಯಾಸ್ತ್ರೀಯರ ನಿವಾಸಗಳು ಸಾವಿರಾರು ಜನರನ್ನು ಅಡಗಿಸಿಟ್ಟವು. ಹಾಗೆ ಆಶ್ರಯ ಪಡೆದವರ ಪಟ್ಟಿಯೊಂದು ರೋಮಿನ ಪೊಂಟಿಫಿಕಲ್ ಬೈಬಲ್ ಅಧ್ಯಯನ ಸಂಸ್ಥೆಯಲ್ಲಿ ಸಿಕ್ಕಿರುವುದನ್ನು 2023ರಲ್ಲಿ ಪ್ರಕಟಿಸಲಾಯಿತು. ಹೆಸರು ಗೊತ್ತಾದವರಲ್ಲಿ ಸುಮಾರು 3,200 ಮಂದಿ ಯಹೂದಿಗಳೆಂದು ಖಚಿತವಾಗಿದೆ. ಅದೇ ವರ್ಷ ಇನ್ನೊಂದು ಪತ್ರವೂ ಬೆಳಕಿಗೆ ಬಂದಿತು. 1942ರ ಡಿಸೆಂಬರ್‌ನಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿಯೊಬ್ಬರು ಪೋಪ್ ಅವರ ಕಾರ್ಯದರ್ಶಿಗೆ ಬರೆದ ಆ ಪತ್ರದಲ್ಲಿ ಬೆಲ್ಜೆಕ್ ಶಿಬಿರದಲ್ಲಿ ದಿನಕ್ಕೆ ಆರು ಸಾವಿರ ಮಂದಿಯನ್ನು ಕೊಲ್ಲಲಾಗುತ್ತಿದೆ ಎಂಬ ಮಾಹಿತಿಯಿದೆ. ಎರಡು ಕಾಗದಗಳೂ ಒಂದೇ ಸಂಸ್ಥೆಯ ಚರಿತ್ರೆಗೆ ಸೇರಿದವು. ಒಂದನ್ನು ಎತ್ತಿ ತೋರಿಸಿ ಇನ್ನೊಂದನ್ನು ಬಚ್ಚಿಡುವುದು ಇತಿಹಾಸವಲ್ಲ, ವಕಾಲತ್ತು.

ಮಾತನಾಡಿದ್ದರೆ ಅನಾಹುತ ಹೆಚ್ಚಾಗುತ್ತಿತ್ತು ಎಂಬ ವಾದವಿದೆ. ಹಾಲೆಂಡಿನ ಬಿಷಪ್‌ಗಳು 1942ರ ಜುಲೈನಲ್ಲಿ ಪ್ರತಿಭಟಿಸಿದ ಬಳಿಕವೇ ಎಡಿತ್ ಸ್ಟೈನ್ ಮುಂತಾದ ಯಹೂದಿ ಮೂಲದ ಕಥೋಲಿಕರನ್ನು ಬಂಧಿಸಲಾಯಿತು ಎಂಬುದು ನಿಜ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಡಳಿತದಲ್ಲಿ ಇದ್ದವರಿಗೆ ಇಂತಹ ಇಕ್ಕಟ್ಟಿನ ಭಾರ ಗೊತ್ತು. ಆದರೆ ಮಾತನಾಡಿದವರೂ ಇದ್ದರು. 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ತುಲೂಸ್‌ನ ಆರ್ಚ್‌ಬಿಷಪ್ ಸಲಿಯೇಜ್, ಯಹೂದಿಗಳೂ ನಮ್ಮಂತೆ ಮನುಷ್ಯರು, ಅವರ ಮೇಲೆ ಏನನ್ನು ಬೇಕಾದರೂ ಮಾಡಲು ಯಾರಿಗೂ ಹಕ್ಕಿಲ್ಲವೆಂಬ ಪತ್ರವನ್ನು ತಮ್ಮ ಚರ್ಚುಗಳಲ್ಲಿ ಓದಿಸಿದರು. ಬರ್ಲಿನ್ನಿನ ಪಾದ್ರಿ ಬೆರ್ನ್‌ಹಾರ್ಡ್ ಲಿಷ್ಟೆನ್‌ಬೆರ್ಗ್ 1938ರ ನವೆಂಬರ್‌ನಿಂದ ತಮ್ಮ ಮಹಾದೇವಾಲಯದಲ್ಲಿ ಯಹೂದಿಗಳಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿ, ಸೆರೆಮನೆ ಸೇರಿ, 1943ರಲ್ಲಿ ಡಾಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ ಪ್ರಾಣ ಬಿಟ್ಟರು. ಅವರ ಅಸ್ತಿತ್ವವೇ ಉಳಿದವರ ಮೌನವನ್ನು ಪ್ರಶ್ನಿಸುತ್ತದೆ.

ಒಬ್ಬ ನಿವೃತ್ತ ಅಧಿಕಾರಿ ತಟ್ಟಿದ ಬಾಗಿಲು

ಬದಲಾವಣೆಯ ಹಿಂದೆ ಇದ್ದವರಲ್ಲಿ ನನಗೆ ಬಹಳ ಹತ್ತಿರವೆನಿಸುವವರು ಜೂಲ್ ಇಸಾಕ್. ಫ್ರಾನ್ಸಿನ ಶಾಲಾ ಮಕ್ಕಳು ತಲೆಮಾರುಗಳ ಕಾಲ ಓದಿದ ಇತಿಹಾಸ ಪಠ್ಯಗಳ ಲೇಖಕ, ಶಿಕ್ಷಣ ಇಲಾಖೆಯ ಉನ್ನತ ಅಧಿಕಾರಿ. 1940ರಲ್ಲಿ ಯಹೂದಿ ಎಂಬ ಕಾರಣಕ್ಕೆ ಅವರನ್ನು ಹುದ್ದೆಯಿಂದ ತೆಗೆದರು. 1943ರಲ್ಲಿ ಅವರ ಪತ್ನಿ, ಮಗಳನ್ನು ಹಿಡಿದು ಆಶ್‌ವಿಟ್ಜ್‌ಗೆ ಕಳುಹಿಸಲಾಯಿತು, ಅವರು ಹಿಂದಿರುಗಲಿಲ್ಲ. ತಲೆಮರೆಸಿಕೊಂಡಿದ್ದ ಇಸಾಕ್ ಶುಭಸಂದೇಶಗಳನ್ನು ಸಾಲು ಸಾಲಾಗಿ ಪರಿಶೀಲಿಸಿ, ಯೇಸುವಿನ ಮಾತಿಗೂ ಕ್ರೈಸ್ತರು ಯಹೂದಿಗಳ ಬಗ್ಗೆ ಕಲಿಸಿದ್ದಕ್ಕೂ ಇರುವ ಅಂತರವನ್ನು ತೋರಿಸುವ ಗ್ರಂಥ ರಚಿಸಿದರು. ಅದು ಹೊರಬಂದದ್ದು 1948ರಲ್ಲಿ. ಕ್ರೈಸ್ತರ ಆ ಕಲಿಸುವಿಕೆಗೆ ಅವರು ಕೊಟ್ಟ ಹೆಸರು ‘ತಿರಸ್ಕಾರದ ಬೋಧನೆ’.

1960ರ ಜೂನ್ 13ರಂದು, 82ನೆಯ ವಯಸ್ಸಿನಲ್ಲಿ, ಇಸಾಕ್ ಪೋಪ್ ಇಪ್ಪತ್ತಮೂರನೆಯ ಜಾನ್ ಅವರನ್ನು ಕಂಡರು. ಕೈಯಲ್ಲಿ ಮನವಿಯಿತ್ತು, ದಾಖಲೆಗಳಿದ್ದವು. ನಾನು ಆಶೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಾಗ, ಆಶೆಗಿಂತ ಹೆಚ್ಚಿನದಕ್ಕೆ ನೀವು ಅರ್ಹರು ಎಂದು ಪೋಪ್ ಉತ್ತರಿಸಿದರೆಂದು ಇತಿಹಾಸ ದಾಖಲಿಸಿದೆ. ಶುಭಶುಕ್ರವಾರದ ಪ್ರಾರ್ಥನೆಯಲ್ಲಿ ಯಹೂದಿಗಳನ್ನು ಕುರಿತಿದ್ದ ನಿಂದನೆಯ ವಿಶೇಷಣವನ್ನು ಅದಕ್ಕೆ ಮೊದಲೇ, 1959ರಲ್ಲಿ, ತೆಗೆಸಿದ್ದವರು ಅವರು. ಕಾರ್ಡಿನಲ್ ಆಗುಸ್ತೀನ್ ಬೇಯಾ ಅವರಿಗೆ ಕರಡು ಸಿದ್ಧಪಡಿಸುವ ಹೊಣೆ ಬಂದಿತು. ಅರಬ್ ರಾಷ್ಟ್ರಗಳ ಆಕ್ಷೇಪ, ಆ ನಾಡುಗಳ ಕ್ರೈಸ್ತರ ಆತಂಕ, ಸಂಪ್ರದಾಯವಾದಿಗಳ ವಿರೋಧ ಇವೆಲ್ಲದರ ನಡುವೆ ಕರಡು ಹಲವು ಬಾರಿ ಬದಲಾಯಿತು. ಕೊನೆಗೆ 1965ರ ಅಕ್ಟೋಬರ್ 28ರಂದು 2,221 ಮತಗಳ ಪರ, 88 ಮತಗಳ ವಿರುದ್ಧದೊಂದಿಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ ‘ನೋಸ್ತ್ರಾ ಏತಾತೆ’ ಎಂಬ ಘೋಷಣೆಯನ್ನು ಅಂಗೀಕರಿಸಿತು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ, ಇಂದಿನ ಯಹೂದಿಗಳ ಮೇಲಾಗಲಿ ಹೊರಿಸಲಾಗದು. ಯಹೂದಿದ್ವೇಷ ಯಾವ ಕಾಲದಲ್ಲಿ ಯಾರಿಂದ ನಡೆದರೂ ಸಲ್ಲದು ಎಂದು ಅದು ಸಾರಿತು. ಇಸಾಕ್ ಅದನ್ನು ಕಾಣಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.

ಭಾರತೀಯರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಯಹೂದಿಗಳ ಬಗ್ಗೆ ಎಂದು ಆರಂಭವಾದ ಈ ಕರಡೇ ವಿಸ್ತಾರಗೊಂಡು ಇಸ್ಲಾಂ, ಹಿಂದೂ, ಬೌದ್ಧ ಧರ್ಮಗಳ ಕುರಿತು ಗೌರವದ ಮಾತನ್ನು ಒಳಗೊಂಡಿತು. ನಮ್ಮ ಊರುಗಳಲ್ಲಿ ಪಾದ್ರಿಗಳು ದೀಪಾವಳಿಗೆ ನೆರೆಹೊರೆಯವರ ಮನೆಗೆ ಶುಭಾಶಯ ಹೇಳಲು ಹೋಗುವ ಇಂದಿನ ಸೌಹಾರ್ದಕ್ಕೆ ಯಹೂದಿಯೊಬ್ಬನ ಮನವಿಯ ಋಣವಿದೆ.

ಅದೇ 1965ರಲ್ಲಿ ಇಟಲಿಯ ಟ್ರೆಂಟ್ ನಗರದಲ್ಲಿ ಇನ್ನೊಂದು ಕಡತ ತೆರೆಯಿತು. 1475ರಲ್ಲಿ ಸಿಮೋನ್ ಎಂಬ ಎರಡು ವರ್ಷದ ಮಗುವಿನ ಸಾವಿಗೆ ಅಲ್ಲಿನ ಯಹೂದಿಗಳನ್ನು ಹೊಣೆ ಮಾಡಿ, ಚಿತ್ರಹಿಂಸೆಯಿಂದ ಒಪ್ಪಿಗೆ ಹೇಳಿಕೆ ಪಡೆದು ಕೊಂದಿದ್ದರು. ಮಗುವನ್ನು ಹುತಾತ್ಮನೆಂದು ಐದು ಶತಮಾನ ಪೂಜಿಸಿದ್ದರು. ವಿಚಾರಣೆಯ ಮೂಲ ಕಾಗದಗಳನ್ನು ಕಥೋಲಿಕ ಪಾದ್ರಿಗಳೇ ಮತ್ತೆ ಓದಿ, ಅದು ನ್ಯಾಯದ ಕೊಲೆ ಎಂದು ತೋರಿಸಿದರು. ಧರ್ಮಸಭೆ ಆ ಪೂಜೆಯನ್ನು ರದ್ದುಪಡಿಸಿತು. ತಪ್ಪನ್ನು ಎದುರಿಸುವುದೆಂದರೆ ಇದೇ ಎಂದು ನನಗೆ ಅನಿಸುತ್ತದೆ: ಹಳೆಯ ಕಡತ ತೆಗೆದು ಓದುವುದು, ತೀರ್ಪು ತಪ್ಪೆಂದು ಬರೆಯುವುದು, ಆ ತೀರ್ಪಿನ ಮೇಲೆ ನಿಂತ ಆಚರಣೆಯನ್ನು ನಿಲ್ಲಿಸುವುದು.

ಆಮೇಲೆ ನಡೆದದ್ದು ಕಡಿಮೆಯೇನಲ್ಲ. 1986ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ರೋಮಿನ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಹೋಗಿ ಯಹೂದಿಗಳನ್ನು ಹಿರಿಯ ಸೋದರರೆಂದು ಕರೆದರು. 1997ರಲ್ಲಿ ಫ್ರಾನ್ಸಿನ ಬಿಷಪ್‌ಗಳು, 60 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಸಾವಿನತ್ತ ಕಳುಹಿಸಿದ ದ್ರಾನ್ಸಿ ಶಿಬಿರದ ನೆಲದಲ್ಲಿ ನಿಂತು, ಮೌನ ತಪ್ಪಾಗಿತ್ತೆಂದು ಕ್ಷಮೆ ಕೋರಿದರು. ಆದರೆ 1998ರ ವ್ಯಾಟಿಕನ್ ದಸ್ತಾವೇಜು ಧರ್ಮಸಭೆಯ ‘ಮಕ್ಕಳು’ ತಪ್ಪಿದರೆಂದಿತೇ ಹೊರತು ಧರ್ಮಸಭೆಯೇ ತಪ್ಪಿತೆನ್ನಲಿಲ್ಲ. ನೌಕರರು ತಪ್ಪು ಮಾಡಿದರು, ಇಲಾಖೆ ತಪ್ಪು ಮಾಡಲಿಲ್ಲ ಎಂಬ ವರದಿಗಳನ್ನು ನಾನೂ ಬರೆದಿದ್ದೇನೆ. ಅವು ಯಾರನ್ನೂ ಒಪ್ಪಿಸುವುದಿಲ್ಲ.

ಇಂದಿನ ಕಷ್ಟ

ಇಂದು ಪ್ರಶ್ನೆ ಮತ್ತಷ್ಟು ಜಟಿಲವಾಗಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು. ಬಳಿಕ ಗಾಜಾದಲ್ಲಿ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ಟೀನಿಯರು ಪ್ರಾಣ ಕಳೆದುಕೊಂಡರು. 2025ರ ಜುಲೈನಲ್ಲಿ ಗಾಜಾದ ಏಕೈಕ ಕಥೋಲಿಕ ಚರ್ಚಿನ ಮೇಲೂ ಇಸ್ರೇಲಿ ಷೆಲ್ ಬಿದ್ದು ಮೂವರು ಸತ್ತರು. ಇದನ್ನು ಕಂಡು ಮನ ಕಲಕದ ಕಥೋಲಿಕನಿರಲಾರ. ಒಂದು ಸರ್ಕಾರದ ಯುದ್ಧನೀತಿಯನ್ನು ಖಂಡಿಸುವುದು ಯಹೂದಿದ್ವೇಷವಲ್ಲ. ಇಸ್ರೇಲಿನೊಳಗೇ ಸಾವಿರಾರು ಯಹೂದಿಗಳು ಅದನ್ನು ಮಾಡಿದ್ದಾರೆ. ಆದರೆ 2025ರ ಅಕ್ಟೋಬರ್ 2ರಂದು, ಯಹೂದಿಗಳ ಅತ್ಯಂತ ಪವಿತ್ರ ದಿನದಂದು, ಮ್ಯಾಂಚೆಸ್ಟರಿನ ಪ್ರಾರ್ಥನಾ ಮಂದಿರದ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಸತ್ತರಲ್ಲ, ಅವರು ಯಾವ ಯುದ್ಧ ನಡೆಸಿದ್ದರು? ದೂರದ ಸರ್ಕಾರದ ಕೃತ್ಯಕ್ಕೆ ಪಕ್ಕದ ಬೀದಿಯ ಯಹೂದಿಯನ್ನು ಹೊಣೆ ಮಾಡುವುದು ಎರಡು ಸಾವಿರ ವರ್ಷಗಳ ಹಳೆಯ ತಪ್ಪಿನ ಹೊಸ ರೂಪ. ಪೋಪ್ ಫ್ರಾನ್ಸಿಸ್ 2024ರ ಫೆಬ್ರುವರಿಯಲ್ಲಿ ಇಸ್ರೇಲಿನ ಯಹೂದಿಗಳಿಗೆ ಬರೆದ ಪತ್ರದಲ್ಲಿ ಯಹೂದಿದ್ವೇಷವನ್ನು ದೇವರ ವಿರುದ್ಧದ ಪಾಪವೆಂದು ಕರೆದರು. ಅದೇ ಪೋಪ್ ಗಾಜಾದ ಆ ಚರ್ಚಿಗೆ ಯುದ್ಧಕಾಲದುದ್ದಕ್ಕೂ ದೂರವಾಣಿ ಕರೆ ಮಾಡಿ ವಿಚಾರಿಸುತ್ತಿದ್ದರು. ಎರಡೂ ಒಬ್ಬರೇ ಮಾಡಬಹುದಾದ ಕೆಲಸಗಳು ಎಂಬುದೇ ಇಲ್ಲಿಯ ಪಾಠ.

ಭಾರತೀಯ ಕಥೋಲಿಕರಿಗೆ ಈ ಅರಿವು ಕಷ್ಟವಾಗಬಾರದು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ, ಯಾರೋ ಮಾಡಿದರೆನ್ನಲಾದ ಕೆಲಸಕ್ಕೆ ಎಲ್ಲರನ್ನೂ ಗುರಿ ಮಾಡುವುದೆಂದರೇನೆಂದು ನಾವು ಅನುಭವಿಸಿದೆವು. ಎರಡೇ ತಿಂಗಳ ಬಳಿಕ ಮುಂಬಯಿಯ ನಾರಿಮನ್ ಹೌಸ್‌ನಲ್ಲಿ ಯಹೂದಿ ಧರ್ಮಗುರು, ಅವರ ಗರ್ಭಿಣಿ ಪತ್ನಿ ಸೇರಿದಂತೆ ಆರು ಮಂದಿಯನ್ನು ಉಗ್ರರು ಕೊಂದರು. ಅವರ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಗೋಡಿ ಉಳಿಸಿದಾಕೆ ಭಾರತೀಯ ಆಯಾ.

ಇನ್ನು ಮಾಡಬೇಕಾದುದೇನು? ದೊಡ್ಡ ಘೋಷಣೆಗಳು ರೋಮಿನಿಂದ ಬಂದಾಗಿವೆ. ಬಾಕಿ ಇರುವುದು ಅನುಷ್ಠಾನ.

ಮೊದಲನೆಯದು, ಪೀಠದ ಮಾತು. ಶುಭಶುಕ್ರವಾರದಂದು ಯೊವಾನ್ನರ ಶುಭಸಂದೇಶದ ಯಾತನೆಯ ಭಾಗವನ್ನು ಓದುತ್ತೇವೆ. ಆ ಶುಭಸಂದೇಶದಲ್ಲಿ ‘ಯೆಹೂದ್ಯರು’ ಎಂಬ ಪದ ಸುಮಾರು 70 ಬಾರಿ ಬರುತ್ತದೆ. ಹಲವೆಡೆ ಅದರ ಅರ್ಥ ಅಂದಿನ ದೇವಾಲಯದ ಅಧಿಕಾರಿಗಳು, ಇಡೀ ಜನಾಂಗವಲ್ಲ. ಯೇಸು, ಮರಿಯಮ್ಮ, ಪೇತ್ರ, ಪೌಲ ಎಲ್ಲರೂ ಯಹೂದಿಗಳೇ. ಇದನ್ನು ವಿವರಿಸಬೇಕೆಂದು 1974 ಮತ್ತು 1985ರ ವ್ಯಾಟಿಕನ್ ಮಾರ್ಗಸೂಚಿಗಳು ಹೇಳಿವೆ. ಎಷ್ಟು ಚರ್ಚುಗಳಲ್ಲಿ ವಿವರಿಸುತ್ತಾರೆ? ಶಿಲುಬೆಗೇರಿಸಲು ಕೂಗುವ ಜನರ ಮಾತನ್ನು ನಮ್ಮ ಪೂಜಾವಿಧಿ ಹೊರಗಿನವರಿಗೆ ಕೊಟ್ಟಿಲ್ಲ. ಬಲಗಡೆ ಎಡಗಡೆ ಕುಳಿತ ನಾವೇ ಅದನ್ನು ಹೇಳುತ್ತೇವೆ. ಅದರ ಅರ್ಥವನ್ನಾದರೂ ಯೋಚಿಸಬಾರದೇ?

ಎರಡನೆಯದು, ಕಲೆ ಮತ್ತು ಆಚರಣೆ. ಬವೇರಿಯಾದ ಓಬರಾಮರ್‌ಗೌ ಹಳ್ಳಿಯಲ್ಲಿ 1634ರಿಂದ ನಡೆದುಬಂದಿರುವ ಯೇಸುವಿನ ಯಾತನೆಯ ನಾಟಕವನ್ನು ಹಿಟ್ಲರ್ ಮೆಚ್ಚಿದ್ದ. ಅದೇ ಹಳ್ಳಿಯವರು ಯಹೂದಿ ವಿದ್ವಾಂಸರೊಡನೆ ಕುಳಿತು ಪಠ್ಯವನ್ನು ತಿದ್ದುತ್ತಾ ಬಂದಿದ್ದಾರೆ. 2022ರ ಪ್ರದರ್ಶನದಲ್ಲಿ ಯೇಸು ಯಹೂದಿಯಾಗಿಯೇ ರಂಗದ ಮೇಲೆ ಬಂದ. ನಮ್ಮಲ್ಲೂ ತಪಸ್ಸು ಕಾಲದಲ್ಲಿ ಯಾತನೆಯ ದೃಶ್ಯರೂಪಕಗಳು ನಡೆಯುತ್ತವೆ. ಬರೆಯುವವರು, ವೇಷ ಹಾಕುವವರು ಅದನ್ನು ಗಮನದಲ್ಲಿಡಬಹುದು.

ಮೂರನೆಯದು, ಭಾಷೆ. ಕಪಟಿಯನ್ನು ‘ಫರಿಸಾಯ’ನೆಂದು, ದ್ರೋಹಿಯನ್ನು ‘ಯೂದ’ನೆಂದು, ಬಡ್ಡಿಕೋರನನ್ನು ‘ಶೈಲಾಕ್’ ಎಂದು ಕರೆಯುವಾಗ ನಾವು ಯಾವ ಖಾತೆಯಿಂದ ಹಣ ತೆಗೆಯುತ್ತಿದ್ದೇವೆಂದು ಕೇಳಿಕೊಳ್ಳಬೇಕು. ರಸ್ತೆ ಬದಿಯ ಪುಸ್ತಕದ ರಾಶಿಯಲ್ಲಿ ಹಿಟ್ಲರನ ಆತ್ಮಕಥೆಯನ್ನು ನಿರ್ವಹಣಾ ಕೌಶಲದ ಪುಸ್ತಕಗಳ ನಡುವೆ ಕಂಡು ಸುಮ್ಮನೆ ಮುಂದೆ ಹೋಗುವ ನಮ್ಮ ಅಭ್ಯಾಸವೂ ಈ ಪ್ರಶ್ನೆಯಿಂದ ಹೊರತಲ್ಲ.

ನನ್ನ ವರದಿಯ ಕಥೆ ಹೇಳಿ ಮುಗಿಸುತ್ತೇನೆ. ಕೆಂಪು ವೃತ್ತದ ಪದವನ್ನು ಹೊಡೆದುಹಾಕಿ, ‘ಪರವಾನಗಿಯಿಲ್ಲದೆ ಲೇವಾದೇವಿ ನಡೆಸಿರುವ ವ್ಯಕ್ತಿ’ ಎಂದು ತಿದ್ದಿ ಕಳುಹಿಸಿದೆ. ಪ್ರಕರಣ ಇನ್ನಷ್ಟು ಬಲವಾಯಿತೇ ಹೊರತು ದುರ್ಬಲವಾಗಲಿಲ್ಲ. ಜಿಲ್ಲಾಧಿಕಾರಿಗಳು ಈಗಿಲ್ಲ. ಅವರಿಗೆ ಕೃತಜ್ಞತೆ ಹೇಳುವ ಅವಕಾಶವನ್ನು ನಾನು ಕಳೆದುಕೊಂಡೆ. ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚಿನ ಯುವ ಪಾದ್ರಿಯವರಲ್ಲಿ, ಶುಭಶುಕ್ರವಾರದ ವಾಚನಕ್ಕೆ ಮೊದಲು ‘ಯೆಹೂದ್ಯರು’ ಎಂಬ ಪದದ ಬಗ್ಗೆ ಎರಡು ಮಾತು ಹೇಳಿರೆಂದು ಕೇಳಿಕೊಂಡೆ. ಅವರು ಹೇಳಿದರು. ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ಹೊರಗೆ ಸಿಕ್ಕಿ, ‘ಇದೇನು ಹೊಸದು? ನಮಗೆ ಚಿಕ್ಕಂದಿನಲ್ಲಿ ಹೀಗೆ ಕಲಿಸಿರಲಿಲ್ಲವಲ್ಲ’ ಎಂದರು. ಹೌದು, ಕಲಿಸಿರಲಿಲ್ಲ. ಮರುವರ್ಷವೂ ಹೇಳಿರೆಂದು ಪಾದ್ರಿಯವರಿಗೆ ನೆನಪಿಸಿದ್ದೇನೆ.